ಕತ್ತರಿಗಾಲು: ಸೌದೆ ಕೊಯ್ಯುವವರ ಸೊಂಟ ಉಳಿಸುವ ಆರು ಕಾಲಿನ ಕುದುರೆ

ಹೊಸನಗರ, ಸಾಗರದ ಕಡೆಯ ಅಡಿಕೆ ಮನೆಗಳಿಗೆ ಗ್ಯಾಸ್ ಒಲೆ ಬಂದು ಎಷ್ಟೋ ವರ್ಷವಾಯಿತು. ಆದರೂ ಬಚ್ಚಲಿನ ಹಂಡೆಯಡಿಯ ಬೆಂಕಿ ಆರಿಲ್ಲ. ಮಳೆಗಾಲದ ನಾಲ್ಕು ತಿಂಗಳು ಬಿಸಿನೀರಿಲ್ಲದೆ ಮಲೆನಾಡಿನಲ್ಲಿ ಬದುಕುವುದು ಕಷ್ಟ, ಸೋಲಾರ್ ಹಾಕಿಸಿದವರೂ ಆಷಾಢದಲ್ಲಿ ಸೌದೆಗೇ ಮರಳುತ್ತಾರೆ. ಅಡಿಕೆ ಬೇಯಿಸುವ ಒಲೆಗಂತೂ ಸೌದೆಯೇ ಬೇಕು. ಹಾಗಾಗಿ ಚಳಿಗಾಲ ಮುಗಿಯುತ್ತಿದ್ದಂತೆ ಪ್ರತಿ ಮನೆಯ ಹಿತ್ತಿಲಲ್ಲೂ ಮರದ ಕುಂಟೆಗಳ, ಎಂದರೆ ಕಡಿದು ತಂದ ದಿಮ್ಮಿಗಳ, ರಾಶಿ ಬೀಳುತ್ತದೆ, ಅದನ್ನು ಒಲೆಯ ಅಳತೆಗೆ ತುಂಡು ಮಾಡುವ ಕೆಲಸ ಶುರುವಾಗುತ್ತದೆ.

ಈ ಕೆಲಸವನ್ನು ಹೆಚ್ಚಿನವರು ಮಾಡುವುದು ನೆಲದ ಮೇಲೆ. ಒಂದು ಕುಂಟೆಯ ಮೇಲೆ ಇನ್ನೊಂದನ್ನು ಅಡ್ಡ ಇಟ್ಟು, ಎಡಗಾಲಿನಿಂದ ಅದುಮಿ, ಬಗ್ಗಿ ಗರಗಸ ಎಳೆಯುವುದು. ನಾನೂ ಹತ್ತು ವರ್ಷ ಹಾಗೆಯೇ ಮಾಡಿದೆ. ಕೊನೆಗೆ ಸೊಂಟ ಹಿಡಿದು ಮೂರು ದಿನ ಮಲಗಿದ ಮೇಲೆ ಬುದ್ಧಿ ಬಂತು. ಕೊಯ್ಯುವುದರಿಂದ ಸೊಂಟ ಹೋಗುವುದಲ್ಲ, ಬಗ್ಗುವುದರಿಂದ ಹೋಗುವುದು. ಮರವನ್ನು ಕೈಯ ಮಟ್ಟಕ್ಕೆ ಎತ್ತಿಟ್ಟರೆ ಅದೇ ಗರಗಸ, ಅದೇ ಕೈ, ಅರ್ಧ ದಣಿವು.

ಎತ್ತಿಡಲು ಬೇಕಾದದ್ದು ಕತ್ತರಿಗಾಲು. ಎರಡು ಕೋಲುಗಳನ್ನು ಕತ್ತರಿಯಂತೆ ಅಡ್ಡ ಹಾಯಿಸಿ ಬಿಗಿದರೆ ಮೇಲೆ ಒಂದು ಕವೆ ಸಿಗುತ್ತದೆ. ಅಂಥ ಮೂರು ಜೋಡಿಯನ್ನು ಸಾಲಾಗಿ ನಿಲ್ಲಿಸಿ, ಪಟ್ಟಿ ಹೊಡೆದು ಒಂದು ಮಾಡಿದರೆ ಕುದುರೆ ತಯಾರು. ಕುಂಟೆ ಕವೆಯೊಳಗೆ ಕೂತುಬಿಡುತ್ತದೆ, ಉರುಳುವುದಿಲ್ಲ. ಆಚಾರ್ರನ್ನು ಕರೆಯಬೇಕಿಲ್ಲ. ಮೊಳೆ ಹೊಡೆಯಲು ಬರುವವರು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದು.

ಆದರೆ ಅಳತೆ ನಿಮ್ಮದಾಗಿರಬೇಕು. ಪಕ್ಕದ ಮನೆಯ ಕತ್ತರಿಗಾಲು ನೋಡಿ ಹಾಗೇ ಮಾಡಿಕೊಂಡರೆ ಅದು ಅವರ ಮೈಗೂ ಅವರ ಒಲೆಗೂ ಹೊಂದುತ್ತದೆ.

ಮೊದಲು ಎರಡು ಅಳತೆ

ಒಂದು, ಒಲೆಯ ಬಾಯಿ. ಹಂಡೆಯ ಒಲೆಗೆ ಸಾಮಾನ್ಯವಾಗಿ ಒಂದೂವರೆ ಅಡಿಯ ಸೌದೆ ಸರಿಹೋಗುತ್ತದೆ, ಅಡಿಕೆ ಒಲೆಗೆ ಎರಡೂವರೆ, ಮೂರು ಅಡಿಯೂ ನಡೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ, ಸೌದೆ ಉಳಿಸುವ ಅಸ್ತ್ರ ಒಲೆ ನಿಮ್ಮ ಮನೆಯಲ್ಲಿದ್ದರೆ ಸೌದೆ ಇನ್ನೂ ಚಿಕ್ಕದಿರಬೇಕು, ಸಣ್ಣಗೆ ಸೀಳಿರಬೇಕು. ಅದರ ಬಾಯಿಯಿಂದ ಸೌದೆ ಹೊರಗೆ ಚಾಚಿಕೊಂಡರೆ ಹೊಗೆ ಕೊಳವೆಯ ದಾರಿ ಬಿಟ್ಟು ಅಡುಗೆಮನೆಗೆ ಬರುತ್ತದೆ, ಒಲೆಯ ಲಾಭವೂ ಹೋಗುತ್ತದೆ. ಒಲೆಯೊಳಗೆ ಒಂದು ಕೋಲು ಹಾಕಿ ಆಳ ನೋಡಿ, ಅದರಲ್ಲಿ ಎರಡು ಇಂಚು ಕಳೆಯಿರಿ. ಅದು ನಿಮ್ಮ ತುಂಡಿನ ಉದ್ದ. ಇಲ್ಲಿ ನಾನು 18 ಇಂಚು ಎಂದು ಇಟ್ಟುಕೊಂಡು ಬರೆಯುತ್ತಿದ್ದೇನೆ.

ಎರಡು, ನಿಮ್ಮ ಮುಷ್ಟಿಯ ಎತ್ತರ. ಚಪ್ಪಲಿಯೋ ಬೂಟೋ, ಕೆಲಸಕ್ಕೆ ಹಾಕುವುದನ್ನೇ ಹಾಕಿಕೊಂಡು ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಕಟ್ಟಿ. ನೆಲದಿಂದ ಮುಷ್ಟಿಗೆ ಎಷ್ಟಿದೆಯೋ ಅದಕ್ಕಿಂತ ಒಂದೆರಡು ಇಂಚು ಕೆಳಗೆ ಕವೆಯ ಬುಡ ಬರಬೇಕು. ಕುಂಟೆ ಅದರ ಮೇಲೆ ಕೂತಾಗ ಗರಗಸ ಓಡುವ ಜಾಗ ಸೊಂಟದಿಂದ ತುಸು ಕೆಳಗೆ ಬರುತ್ತದೆ, ಮೊಣಕೈ ಹಿಂದೆ ಮುಂದೆ ಸಲೀಸಾಗಿ ಆಡುತ್ತದೆ. ನಾನು ಮೊದಲು ಮಾಡಿದ್ದು ಇದಕ್ಕಿಂತ ಅರ್ಧ ಅಡಿ ಎತ್ತರವಿತ್ತು. ನೋಡಲು ಚೆಂದ, ಕೊಯ್ಯಲು ಹೋದರೆ ಗರಗಸ ಎದೆಯ ಹತ್ತಿರ ಬಂದು ಹೆಗಲು ಸೋಲುತ್ತಿತ್ತು. ಕಾಲು ಕತ್ತರಿಸಿ ಗಿಡ್ಡ ಮಾಡಬೇಕಾಯಿತು.

ಐದಡಿ ಐದಿಂಚಿನ ಆಸುಪಾಸಿನ ಆಳಿಗೆ ಕವೆಯ ಬುಡ ಸುಮಾರು 26 ಇಂಚಿನಲ್ಲಿರಬೇಕು. ಮುಂದಿನ ಲೆಕ್ಕವೆಲ್ಲ ಅದಕ್ಕೆ. ಆರಡಿ ಆಳಾದರೆ ಕಾಲಿನ ಕೆಳಭಾಗಕ್ಕೆ ಮೂರು ಇಂಚು ಕೂಡಿಸಿ, ಮೇಲ್ಭಾಗ ಹಾಗೇ ಇರಲಿ.

ಏನೇನು ಬೇಕು

ಕಾಲುಗಳಿಗೆ 3 ಇಂಚು ಅಗಲ, 2 ಇಂಚು ದಪ್ಪದ ಮರ. ಮೂರೂವರೆ ಅಡಿಯ ಆರು ಕಾಲು, ಜೊತೆಗೆ ಅಂಗೈಯಗಲದ ಮೂರು ತುಂಡು. ಒಟ್ಟು 22 ಅಡಿ ಇದ್ದರೆ ಸಾಕು. ಪಟ್ಟಿಗಳಿಗೆ 3 ಇಂಚು ಅಗಲ, 1 ಇಂಚು ದಪ್ಪದ ರೀಪು, 22 ಅಡಿ. ಕತ್ತರಿಯ ಕೂಡಿಗೆಗೆ 12 ಎಂಎಂ ದಪ್ಪ, 5 ಇಂಚು ಉದ್ದದ ಮೂರು ಬೋಲ್ಟು, ನಟ್ಟು, ಪ್ರತಿ ಬೋಲ್ಟಿಗೆ ಎರಡು ಅಗಲ ವಾಷರು. ಎರಡೂವರೆ ಇಂಚಿನ ಮೊಳೆ ಅರ್ಧ ಕೆಜಿ, ಇಲ್ಲವೇ ಅದೇ ಉದ್ದದ ಸ್ಕ್ರೂ. ಮೂರು ಇಂಚಿನ ಆರು ಸ್ಕ್ರೂ ಬೇರೆ. ಎರಡು ಮಾರು ಗಟ್ಟಿ ಹಗ್ಗ.

ಯಾವ ಮರ ಎಂದು ತಲೆ ಕೆಡಿಸಿಕೊಳ್ಳಬೇಡಿ. ಹಳೆ ಬಾಗಿಲಿನ ದಾರಂದ, ಮಾಡು ರಿಪೇರಿಯಲ್ಲಿ ಉಳಿದ ಪಕಾಸಿ, ಸಾಮಿಲ್ಲಿನ ಅಂಚು ತುಂಡು, ಗಟ್ಟಿ ಇದ್ದರೆ ಎಲ್ಲವೂ ಆಗುತ್ತದೆ. ತೋಟದ ಬೇಲಿಯ ಅಕೇಶಿಯಾ ಗಳವನ್ನೇ ಬಳಸುವುದಾದರೆ ತೊಗಟೆ ಸುಲಿದು, ಒಂದೆರಡು ತಿಂಗಳು ನೆರಳಲ್ಲಿ ಒಣಗಿಸಿದ ಮೇಲೆ ಕೈ ಹಾಕಿ. ಹಸಿಯಲ್ಲಿ ಹೊಡೆದ ಮೊಳೆ ಮರ ಒಣಗಿದಾಗ ಸಡಿಲವಾಗುತ್ತದೆ, ಕಾಲು ತಿರುಚಿಕೊಳ್ಳುವುದೂ ಉಂಟು. ಅಡಿಕೆ ದಬ್ಬೆಯನ್ನು ಮಾತ್ರ ಕಾಲಿಗೆ ಬಳಸಬೇಡಿ. ಉದ್ದಕ್ಕೆ ಸೀಳುವ ಮರ ಅದು, ಬೋಲ್ಟು ಹಾಕಿದ ಜಾಗದಲ್ಲೇ ಬಾಯಿ ಬಿಡುತ್ತದೆ. ಸಿಲ್ವರ್ ಓಕ್ ಹಗುರ, ಹೊತ್ತು ತಿರುಗಲು ಹಿತ, ಆದರೆ ಮಳೆಯಲ್ಲಿ ಬಿಟ್ಟರೆ ಬೇಗ ಲಡ್ಡಾಗುತ್ತದೆ.

ಕತ್ತರಿ ಕಟ್ಟುವುದು

ಆರೂ ಕಾಲುಗಳನ್ನು 42 ಇಂಚಿಗೆ ಸಮ ಮಾಡಿಕೊಳ್ಳಿ. ಪ್ರತಿ ಕಾಲಿನಲ್ಲೂ ಬುಡದಿಂದ 27 ಇಂಚಿಗೆ, ಅಗಲದ ನಟ್ಟನಡುವೆ ಗುರುತು ಹಾಕಿ ಬೋಲ್ಟಿಗೆ ತೂತು ಹೊಡೆಯಿರಿ. ಮೇಲೆ 15 ಇಂಚು ಉಳಿಯುತ್ತದೆ, ಅದು ಕೊಂಬು. ತೂತು ನೇರವಾಗಿರಬೇಕು. ಬೈರಿಗೆಯೋ ಡ್ರಿಲ್ಲೋ ಸೊಟ್ಟಗೆ ಹೋದರೆ ಎರಡು ಕಾಲು ಒಂದಕ್ಕೊಂದು ಒತ್ತಿ ಕೂರುವುದಿಲ್ಲ.

ಎರಡು ಕಾಲನ್ನು ನೆಲದ ಮೇಲೆ ಒಂದರ ಮೇಲೊಂದು ಇಟ್ಟು ಬೋಲ್ಟು ತೂರಿಸಿ, ಎರಡೂ ಬದಿಗೆ ವಾಷರು ಹಾಕಿ ನಟ್ಟನ್ನು ಕೈಬಿಗಿ ಮಾಡಿ. ಈಗ ಕಾಲುಗಳನ್ನು ಎಷ್ಟು ಅಗಲಿಸಬೇಕು? ಕೋನಮಾಪಕ ಬೇಕಾಗಿಲ್ಲ. ಬೋಲ್ಟಿನಿಂದ ಬುಡಕ್ಕೆ 27 ಇಂಚು ಇದೆಯಲ್ಲ, ಎರಡು ಬುಡಗಳ ನಡುವಿನ ಅಂತರವೂ ಅಷ್ಟೇ ಇರಲಿ. ಮೂರೂ ಬದಿ ಸಮವಾದ ತ್ರಿಕೋನ ಅದು, ಮೇಲಿನ ಕವೆಯೂ ತಾನಾಗಿಯೇ 60 ಡಿಗ್ರಿಗೆ ತೆರೆದುಕೊಳ್ಳುತ್ತದೆ. ಇದಕ್ಕಿಂತ ಕಿರಿದು ಮಾಡಿದರೆ ಕುಂಟೆ ಬೆಣೆ ಹೊಡೆದಂತೆ ಸಿಕ್ಕಿಕೊಳ್ಳುತ್ತದೆ, ಕುದುರೆಯೂ ಪಕ್ಕಕ್ಕೆ ಮಗುಚುತ್ತದೆ. ಅಗಲ ಮಾಡಿದರೆ ಕುಂಟೆ ಕವೆಯಲ್ಲಿ ಹೊರಳಾಡುತ್ತದೆ. ನಿಮ್ಮದರಲ್ಲಿ ಬೋಲ್ಟಿನಿಂದ ಬುಡಕ್ಕೆ 30 ಇಂಚಾದರೆ ಬುಡದ ಅಂತರವೂ 30, ಲೆಕ್ಕ ಬದಲಾಗುವುದಿಲ್ಲ.

ಬೋಲ್ಟು ಇರುವುದು ನೆಲದಿಂದ ಸುಮಾರು 23 ಇಂಚು ಎತ್ತರದಲ್ಲಿ. ಕಾಲಿಗೆ ಮೂರು ಇಂಚಿನ ಅಗಲ ಇರುವುದರಿಂದ ಕವೆಯ ಬುಡ ಅದಕ್ಕಿಂತ ಮೂರು ಇಂಚು ಮೇಲೆ, ಎಂದರೆ ಬೇಕಾದ 26ಕ್ಕೇ ಬರುತ್ತದೆ. ಕಬ್ಬಿಣವೆಲ್ಲ ಕವೆಯ ಕೆಳಗೇ ಉಳಿಯಿತು. ಕೊಂಬಿನ ಭಾಗದಲ್ಲಿ ಒಂದು ಮೊಳೆಯೂ ಇರಕೂಡದು. ಎಂದಾದರೂ ಕೈತಪ್ಪಿ ಗರಗಸ ಕೊಂಬಿಗೆ ತಾಗಿದರೆ ಮರ ಗಾಯವಾಗಲಿ, ಹಲ್ಲು ಉಳಿಯಲಿ.

ಅಂತರ ಸರಿಮಾಡಿದ ಮೇಲೆ ಅದು ಅಲ್ಲೇ ನಿಲ್ಲಲು ಅಡ್ಡಪಟ್ಟಿ ಬೇಕು. ನಾನು ಮೊದಲ ಸಲ ಎಡವಿದ್ದು ಇಲ್ಲೇ. ಎರಡು ಕಾಲು ಒಂದರ ಮೇಲೊಂದು ಕೂತಿರುವುದರಿಂದ ಒಂದರ ಮುಖ ಇನ್ನೊಂದಕ್ಕಿಂತ ಎರಡು ಇಂಚು ಹಿಂದಿರುತ್ತದೆ. ಪಟ್ಟಿಯನ್ನು ನೇರ ಹೊಡೆಯಲು ಹೋದರೆ ಒಂದು ಕಡೆ ಮಾತ್ರ ತಾಗುತ್ತದೆ. ನಾನು ಬಗ್ಗಿಸಿ ಹೊಡೆದೆ, ವಾರದೊಳಗೆ ಮೊಳೆ ಕಿತ್ತುಕೊಂಡು ಬಂತು. ಅದಕ್ಕೇ ಆ ಮೂರು ತುಂಡು. ಹಿಂದಿರುವ ಕಾಲಿನ ಮೇಲೆ, ಬುಡದಿಂದ 9 ಇಂಚಿನ ಹತ್ತಿರ, ಎರಡು ಇಂಚು ದಪ್ಪದ ತುಂಡನ್ನು ಮೂರು ಇಂಚಿನ ಎರಡು ಸ್ಕ್ರೂ ಹಾಕಿ ಕೂರಿಸಿ. ಎರಡೂ ಮುಖ ಸಮವಾಗುತ್ತವೆ. ಈಗ 24 ಇಂಚಿನ ರೀಪನ್ನು ಅಡ್ಡ ಇಟ್ಟು, ಬುಡದ ಅಂತರ ಇನ್ನೊಮ್ಮೆ ಅಳೆದು, ಎರಡೂ ಕಡೆ ಎರಡೆರಡು ಮೊಳೆ ಹೊಡೆಯಿರಿ. ತುದಿಯ ಹತ್ತಿರ ಮೊಳೆ ಹೊಡೆಯುವಾಗ ಮೊದಲು ಸಣ್ಣ ತೂತು ಕೊರೆದುಕೊಂಡರೆ ರೀಪು ಸೀಳುವುದಿಲ್ಲ.

ಒಂದು ಕತ್ತರಿ ಆಯಿತು. ಉಳಿದ ಎರಡನ್ನು ಟೇಪಿನಲ್ಲಿ ಅಳೆದು ಮಾಡಬೇಡಿ. ಮೊದಲನೆಯದನ್ನು ನೆಲಕ್ಕೆ ಹಾಸಿ ಅದರ ಮೇಲೇ ಇಟ್ಟು ಜೋಡಿಸಿ. ಮೂರರಲ್ಲೂ ಎಡಗಾಲು ಮೇಲೆ ಎಂದರೆ ಮೂರರಲ್ಲೂ ಎಡಗಾಲೇ ಮೇಲೆ. ಅದಲುಬದಲಾದರೆ ಕವೆಗಳ ಅಂತರ ಅಳೆದಂತೆ ಬರುವುದಿಲ್ಲ.

ಮೂರನ್ನು ಒಂದು ಮಾಡುವುದು

ಹೆಚ್ಚಿನವರು ಮೂರು ಕತ್ತರಿಗಳನ್ನು ಸಮ ದೂರದಲ್ಲಿ ನಿಲ್ಲಿಸುತ್ತಾರೆ. ನೋಡಲು ಸರಿಯೆನಿಸುತ್ತದೆ, ಕೊನೆಯ ತುಂಡು ಕೊಯ್ಯುವಾಗ ತೊಂದರೆ ಗೊತ್ತಾಗುತ್ತದೆ. ಎರಡು ಆಧಾರಗಳ ನಡುವೆ ಕೊಯ್ದರೆ ಕುಂಟೆ ತನ್ನ ಭಾರಕ್ಕೆ ನಡುವೆ ಕುಗ್ಗುತ್ತದೆ, ಕೊಯ್ದ ಬಾಯಿ ಮೇಲಿನಿಂದ ಮುಚ್ಚಿಕೊಳ್ಳುತ್ತದೆ, ಗರಗಸ ಅಡಕತ್ತರಿಯೊಳಗಿನ ಅಡಿಕೆಯಂತೆ ಸಿಕ್ಕಿಬೀಳುತ್ತದೆ. ಆದ್ದರಿಂದ ಕೊಯ್ಯುವುದು ಯಾವಾಗಲೂ ಕುದುರೆಯ ಹೊರಗೆ, ಕುಂಟೆಯ ತುದಿ ಮುಂದಕ್ಕೆ ಚಾಚಿರುವ ಜಾಗದಲ್ಲಿ. ಅಲ್ಲಿ ತುಂಡು ತನ್ನ ಭಾರಕ್ಕೆ ಕೆಳಗೆ ಬಾಗುತ್ತದೆ, ಬಾಯಿ ತೆರೆದುಕೊಳ್ಳುತ್ತದೆ, ಗರಗಸಕ್ಕೆ ದಾರಿ ಸಿಗುತ್ತದೆ. ಒಂದು ತುಂಡು ಬಿದ್ದ ಮೇಲೆ ಕುಂಟೆಯನ್ನು ಮುಂದಕ್ಕೆ ದೂಡಿ ಮತ್ತೆ ಕೊಯ್ಯುವುದು.

ದೂಡುತ್ತ ಹೋದಂತೆ ಹಿಂದೆ ಉಳಿಯುವ ಭಾಗ ಗಿಡ್ಡವಾಗುತ್ತದೆ. ಅದು ಎರಡು ಕವೆಗಳ ಮೇಲಾದರೂ ಕೂತಿರಬೇಕಾದರೆ ಮುಂದಿನ ಎರಡು ಕತ್ತರಿ ಹತ್ತಿರ ಹತ್ತಿರ ಇರಬೇಕು. ನಮ್ಮದರಲ್ಲಿ ಮೊದಲನೆಯದಕ್ಕೂ ಎರಡನೆಯದಕ್ಕೂ 12 ಇಂಚು, ಎರಡನೆಯದಕ್ಕೂ ಮೂರನೆಯದಕ್ಕೂ 24 ಇಂಚು. ಮುಂದಿನ ಜೋಡಿ ಗಿಡ್ಡ ತುಂಡಿಗೆ, ಹಿಂದಿನ ಒಂಟಿ ಉದ್ದದ ಕುಂಟೆಗೆ. ನಿಮ್ಮ ಸೌದೆ 18 ಇಂಚಲ್ಲದಿದ್ದರೆ ತುಂಡಿನ ಉದ್ದದ ಮೂರರಲ್ಲಿ ಎರಡು ಪಾಲು ಎಂದು ಮುಂದಿನ ಅಂತರ ಇಟ್ಟುಕೊಳ್ಳಿ.

ಮೂರು ಕತ್ತರಿಗಳನ್ನು ಸಪಾಟು ನೆಲದಲ್ಲಿ ನಿಲ್ಲಿಸಿ, ಕವೆಗಳಲ್ಲಿ ಒಂದು ನೇರ ಗಳ ಮಲಗಿಸಿ. ಮೂರೂ ಕವೆಗೆ ಗಳ ತಾಗಿದರೆ ಸಾಲು ಸರಿಯಿದೆ. ಹಾಗೇ ಇರುವಾಗ 40 ಇಂಚಿನ ಉದ್ದಪಟ್ಟಿಯನ್ನು ಎರಡೂ ಬದಿಗೆ, ಕಾಲುಗಳ ಹೊರ ಅಂಚಿಗೆ, ನೆಲದಿಂದ ಐದಾರು ಇಂಚು ಮೇಲೆ ಹೊಡೆಯಿರಿ. ಮುಂದಿನ ತುದಿಯಲ್ಲಿ ಪಟ್ಟಿ ಕಾಲಿಗೆ ಸಮವಾಗಿರಲಿ, ಹೊರಗೆ ಚಾಚಿದರೆ ನಿಮ್ಮ ಮೊಣಗಂಟಿಗೆ ತಾಗುತ್ತದೆ. ಆಮೇಲೆ ಎರಡೂ ಬದಿಗೆ ಒಂದೊಂದು ಓರೆಪಟ್ಟಿ, ಮುಂದಿನ ಕಾಲಿನ ಕೆಳಗಿನಿಂದ ಹಿಂದಿನ ಕಾಲಿನ ಮೇಲಕ್ಕೆ. ಓರೆಪಟ್ಟಿ ಇಲ್ಲದ ಕುದುರೆ ಗರಗಸದ ಎಳೆತಕ್ಕೆ ಹಿಂದೆ ಮುಂದೆ ತೂಗುತ್ತದೆ. ನಿಮ್ಮ ಕೈಬಲದ ಒಂದು ಪಾಲು ಮರ ಕೊಯ್ಯುವ ಬದಲು ಕುದುರೆ ತೂಗಲು ಹೋಗುತ್ತದೆ. ಕೊನೆಗೆ ಸ್ಪ್ಯಾನರಿನಲ್ಲಿ ಬೋಲ್ಟು ಬಿಗಿಯಿರಿ, ವಾಷರು ಮರದೊಳಗೆ ತುಸು ಇಳಿಯುವಷ್ಟು.

ಮಣ್ಣಿನ ಹಿತ್ತಿಲಲ್ಲಿ ಬಳಸುವುದಾದರೆ ಕಾಲಿನ ಬುಡವನ್ನು ಓರೆಯಾಗಿ ಕತ್ತರಿಸಬೇಕಿಲ್ಲ, ಅಂಚು ನೆಲಕ್ಕೆ ಕಚ್ಚಿ ನಿಲ್ಲುವುದೇ ಒಳ್ಳೆಯದು. ಸಿಮೆಂಟು ಅಂಗಳವಾದರೆ ಒಂದು ಇಂಚಿನ ರೀಪು ತುಂಡನ್ನು ನೆಲಕ್ಕಿಟ್ಟು, ಅದರ ಮೇಲೆ ಪೆನ್ಸಿಲು ಮಲಗಿಸಿ ಪ್ರತಿ ಕಾಲಿನ ಸುತ್ತ ಗೆರೆ ಎಳೆದು, ಗೆರೆಗೆ ಸರಿಯಾಗಿ ಕೊಯ್ಯಿರಿ. ಆರೂ ಬುಡ ಸಪಾಟಾಗಿ ಕೂರುತ್ತವೆ. ಸೆಗಣಿ ಬಳಿದ ಅಂಗಳಕ್ಕೆ ಮಾತ್ರ ಇದನ್ನು ತರಲೇಬೇಡಿ. ಆರು ಕಾಲಿಗೆ ಆರು ಗುಂಡಿ ಬಿದ್ದಾಗ ಮನೆಯಲ್ಲಿ ಕೇಳಬೇಕಾದ ಮಾತನ್ನು ನಾನು ಕೇಳಿ ಆಗಿದೆ.

ಬುಡಕ್ಕೆ ವರಲೆ ಹಿಡಿಯದಂತೆ ಗೇರೆಣ್ಣೆ ಹಚ್ಚಬಹುದು. ಕರಾವಳಿಯಲ್ಲಿ ಮರದ ಸಾಮಾನಿಗೂ ದೋಣಿಗೂ ಹಚ್ಚುವ ಅದೇ ಎಣ್ಣೆ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೋಲಿಗೆ ಬಟ್ಟೆ ಸುತ್ತಿ ಹಚ್ಚಿ.

ಕುಂಟೆ ಏರಿಸುವ ಮೊದಲು

ಮರ ಯಾವುದು ಎಂದು ನೋಡಿಕೊಳ್ಳಿ. ಕರಿಗೇರು ಮತ್ತು ಹೊಲಗೇರಿನ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಕೆಲವರಿಗೆ ಕೊಯ್ಯುವಾಗಿನ ಪುಡಿ ಹಾರಿದರೂ ಮುಖ ಊದುತ್ತದೆ, ಒಲೆಗೆ ಹಾಕಿದರೆ ಹೊಗೆಯೂ ಒಳ್ಳೆಯದಲ್ಲ. ಕೊಯ್ದ ಬಾಯಲ್ಲಿ ಸೊನೆ ಕಪ್ಪಾಗುತ್ತ ಬಂದರೆ ಅದನ್ನು ಬದಿಗಿಡಿ. ಗುರುತು ಹತ್ತದಿದ್ದರೆ ಊರಿನ ಹಿರಿಯರೊಬ್ಬರಿಗೆ ತೋರಿಸಿ.

ಮರ ನಿಮ್ಮ ಜಾಗದ್ದೇ ಆದರೂ ಕಡಿಯುವ ಮೊದಲು ಕಾಯ್ದೆ ನೆನಪಿರಲಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಹೆಚ್ಚಿನ ಜಾತಿಯ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್, ಸರ್ವೆ, ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ. ಗಾಳಿಗೆ ಮುರಿದ ಗೆಲ್ಲು, ತೋಟದ ನೆರಳು ಬಿಡಿಸಲು ಸವರಿದ ಕೊಂಬೆ, ಸತ್ತ ಅಡಿಕೆ ಮರ ಇವುಗಳಲ್ಲೇ ಒಂದು ಮನೆಯ ಬಚ್ಚಲಿನ ಖರ್ಚು ಬಹುಪಾಲು ಹೋಗುತ್ತದೆ.

ಹಳೆಯ ಬೇಲಿಯ ಮರವಾದರೆ ತೊಗಟೆಯ ಮೇಲೆ ಕೈಯಾಡಿಸಿ ನೋಡಿ. ಎಂದೋ ಹೊಡೆದ ತಂತಿಯನ್ನೋ ಮೊಳೆಯನ್ನೋ ಮರ ನುಂಗಿರುತ್ತದೆ. ತೊಗಟೆ ಉಬ್ಬಿದ್ದರೆ, ಒಳಗೆ ನೀಲಿಗಪ್ಪು ಕಲೆ ಕಂಡರೆ ಅಲ್ಲಿ ಕಬ್ಬಿಣ ಇದೆ ಎಂದೇ ತಿಳಿಯಿರಿ.

ಕೈಗರಗಸದಲ್ಲಿ ಕೊಯ್ಯುವುದು

ಐದಡಿ ಉದ್ದ, ಎಂಟಿಂಚು ದಪ್ಪದ ಹಸಿ ಅಕೇಶಿಯಾ ಕುಂಟೆ ನಲವತ್ತು ಕೆಜಿಗೆ ಕಡಿಮೆ ಇರುವುದಿಲ್ಲ. ಅದನ್ನು ಅಪ್ಪಿಕೊಂಡು ಕೊಂಬಿನ ಮೇಲಿಂದ ಹಾಕಲು ಹೋದರೆ ಕುದುರೆ ಮಾಡಿ ಉಳಿಸಿದ ಸೊಂಟ ಅಲ್ಲೇ ಹೋಯಿತು. ಕುದುರೆಯ ಹಿಂಭಾಗಕ್ಕೆ ನೇರವಾಗಿ ಕುಂಟೆ ತಂದಿಡಿ. ಮೊಣಕಾಲು ಮಡಿಸಿ ಒಂದು ತುದಿ ಎತ್ತಿ ಹಿಂದಿನ ಕವೆಗೆ ಕೊಡಿ. ಆಮೇಲೆ ಇನ್ನೊಂದು ತುದಿ ಎತ್ತಿ ಮುಂದಕ್ಕೆ ದೂಡಿ. ಹೀಗೆ ಒಮ್ಮೆಗೆ ಅರ್ಧ ಭಾರವೇ ಕೈಗೆ ಬರುತ್ತದೆ. ಇದಕ್ಕಿಂತ ದಪ್ಪದ್ದಾದರೆ ಇಬ್ಬರು ಬೇಕು. ಹತ್ತಿಂಚಿಗಿಂತ ದಪ್ಪದ ಬೊಡ್ಡೆಯನ್ನು ನೆಲದ ಮೇಲೇ ಗಳ ಕೊಟ್ಟು ಕೊಯ್ಯುವುದು ಲೇಸು.

ಗರಗಸದ ವಿಷಯಕ್ಕೆ ಬಂದರೆ, ಸೌದೆಗೆ ಬಿಲ್ಲಿನಾಕಾರದ ಕಬ್ಬಿಣದ ಹಿಡಿಯ ಗರಗಸದಷ್ಟು ಅಗ್ಗದ, ಚುರುಕಾದ ಸಾಧನ ಇನ್ನೊಂದಿಲ್ಲ. 24 ಇಂಚಿನ ಬ್ಲೇಡು ಎಂಟಿಂಚಿನ ಮರದವರೆಗೆ ಸಲೀಸು. ಬ್ಲೇಡಿನಲ್ಲಿ ಎರಡು ಬಗೆ. ನಾಲ್ಕಾರು ಹಲ್ಲುಗಳಿಗೊಮ್ಮೆ ಆಳದ ಸಂದು, ಅಲ್ಲೊಂದು ಗಿಡ್ಡ ಕವಲು ಹಲ್ಲು ಇದ್ದರೆ ಅದು ಹಸಿ ಮರದ್ದು. ಆ ಗಿಡ್ಡ ಹಲ್ಲು ಒದ್ದೆ ಪುಡಿಯನ್ನು ಹೊರಗೆ ಎಳೆದು ಹಾಕುತ್ತದೆ. ಒಂದೇ ಸಮ ಮೂರು ಮೂಲೆಯ ಹಲ್ಲುಗಳಿದ್ದರೆ ಒಣ ಮರದ್ದು. ಅದನ್ನು ಹಸಿ ಮರಕ್ಕೆ ಹಾಕಿ ಗರಗಸ ಸರಿಯಿಲ್ಲ ಎಂದು ಬೈಯುವವರನ್ನು ಬಹಳ ನೋಡಿದ್ದೇನೆ. ಬಡಗಿಯ ಹಲಗೆ ಗರಗಸವನ್ನು ಸೌದೆಗೆ ತರುವುದು ಪಾಪದ ಕೆಲಸ.

ಕುಂಟೆಯ ತುದಿ ಮೊದಲ ಕವೆಯಿಂದ ಹೊರಗೆ ಚಾಚಲಿ. ಅಳತೆಗೆ ಟೇಪು ಹಿಡಿಯಬೇಡಿ. 18 ಇಂಚಿನ ಒಂದು ಕೋಲು ಕಡಿದು ಕುದುರೆಗೇ ದಾರದಲ್ಲಿ ಕಟ್ಟಿಡಿ, ಅದನ್ನಿಟ್ಟು ಕತ್ತಿಯಲ್ಲಿ ಗುರುತು ಕಚ್ಚಿಸಿ. ಕೊಯ್ಯುವ ಗೆರೆ ಕವೆಯಿಂದ ಎರಡು ಮೂರು ಇಂಚು ಹೊರಗಿರಲಿ. ಈಗ ಹಗ್ಗ. ಅದರ ಒಂದು ತುದಿಯನ್ನು ಎರಡನೇ ಕತ್ತರಿಯ ಆ ಬದಿಯ ಉದ್ದಪಟ್ಟಿಗೆ ಕಟ್ಟಿ, ಕುಂಟೆಯ ಮೇಲಿಂದ ಈ ಬದಿಗೆ ತಂದು, ತುದಿಯಲ್ಲಿ ಪಾದ ಹೋಗುವಷ್ಟು ಕುಣಿಕೆ ಮಾಡಿ. ಕುಣಿಕೆ ನೆಲದಿಂದ ನಾಲ್ಕಾರು ಇಂಚು ಮೇಲೆ ತೂಗುತ್ತಿರಬೇಕು. ಎಡಗಾಲು ಅದರಲ್ಲಿಟ್ಟು ಅದುಮಿದರೆ ನಿಮ್ಮ ಭಾರವೇ ಕುಂಟೆಯನ್ನು ಕವೆಗೆ ಒತ್ತಿ ಹಿಡಿಯುತ್ತದೆ. ಎಡಗೈಗೆ ಬಿಡುವು. ಕೊನೆಯ ಎರಡು ತುಂಡು ಉಳಿದಾಗ ಈ ಕುಣಿಕೆ ಇಲ್ಲದಿದ್ದರೆ ಕುಂಟೆ ಮುಂದಕ್ಕೆ ಮಗುಚಿ ಕಾಲ ಮೇಲೆ ಬೀಳುತ್ತದೆ. ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಅದಕ್ಕೆ ಸಾಕ್ಷಿ.

ಶುರುವಿಗೆ ಗರಗಸವನ್ನು ನಿಮ್ಮ ಕಡೆಗೆ ಎರಡು ಸಲ ಹಗುರವಾಗಿ ಎಳೆದು ಸಣ್ಣ ಗೀರು ಮಾಡಿಕೊಳ್ಳಿ. ಗರಗಸದ ಹತ್ತಿರ ಎಡಗೈ ಹೆಬ್ಬೆರಳು ಇಡಬೇಡಿ, ಜಾರಿದ ಹಲ್ಲು ಮೊದಲು ಹುಡುಕುವುದು ಅದನ್ನೇ. ಆಮೇಲೆ ಬ್ಲೇಡಿನ ಉದ್ದಕ್ಕೂ ನಿಧಾನ ಎಳೆತ. ಒತ್ತಬೇಡಿ. ಹಲ್ಲು ಚೂಪಿದ್ದರೆ ಗರಗಸದ ಭಾರವೇ ಸಾಕು, ಒತ್ತಬೇಕೆನಿಸಿದರೆ ಬ್ಲೇಡು ಬದಲಿಸುವ ಕಾಲ ಬಂದಿದೆ. ಕೊಯ್ದ ದಾರಿ ಓರೆಯಾಗಿ ಒಂದೇ ಬದಿಗೆ ಹೋಗುತ್ತಿದ್ದರೆ ಆ ಬದಿಯ ಹಲ್ಲು ಚೂಪಿದೆ, ಇನ್ನೊಂದು ಬದಿಯದು ಮೊಂಡಾಗಿದೆ ಎಂದು ಅರ್ಥ. ಹಲಸಿನ ಮೇಣ ಬ್ಲೇಡಿಗೆ ಅಂಟಿ ಎಳೆಯಲು ಬಾರದಾಗ ಬಟ್ಟೆಗೆ ಸೀಮೆಎಣ್ಣೆಯನ್ನೋ ತೆಂಗಿನೆಣ್ಣೆಯನ್ನೋ ಹಾಕಿ ಒರೆಸಿ. ತುಂಡು ಬೀಳುವ ಹೊತ್ತಿಗೆ ಕೈ ನಿಧಾನ ಮಾಡಿ, ಪಾದ ಅದರ ಅಡಿಯಲ್ಲಿ ಇಲ್ಲವೆಂದು ನೋಡಿಕೊಳ್ಳಿ.

ಇಬ್ಬರು ಎಳೆಯುವ ಉದ್ದ ಗರಗಸ ಇನ್ನೂ ಕೆಲವು ಮನೆಯ ಅಟ್ಟದಲ್ಲಿದೆ. ಅದಕ್ಕೂ ಈ ಕುದುರೆ ಆಗುತ್ತದೆ, ಎದುರುಬದುರು ನಿಂತರಾಯಿತು. ನಿಯಮ ಒಂದೇ: ಎಳೆಯುವುದು ಮಾತ್ರ, ದೂಡಬಾರದು. ಆ ಕಡೆಯವರು ಎಳೆಯುವಾಗ ನಿಮ್ಮ ಕೈ ಸುಮ್ಮನೆ ಹಿಡಿಯ ಜೊತೆ ಹೋಗಬೇಕು. ದೂಡಿದರೆ ಬ್ಲೇಡು ಬಾಗುತ್ತದೆ, ಜಗಳವೂ ಆಗುತ್ತದೆ.

ಬೆರಳುಗಾತ್ರದಿಂದ ಮಣಿಕಟ್ಟಿನ ಗಾತ್ರದವರೆಗಿನ ಗೆಲ್ಲುಗಳನ್ನು ಒಂದೊಂದಾಗಿ ಕೊಯ್ಯುತ್ತ ಕೂರಬೇಡಿ. ಕವೆಯ ತುಂಬ ಒಟ್ಟಿಗೆ ತುಂಬಿ, ಹಗ್ಗದಲ್ಲಿ ಎರಡು ಸುತ್ತು ಬಿಗಿದು, ಹೊರೆಯನ್ನೇ ಒಮ್ಮೆಗೆ ಕೊಯ್ಯಿರಿ. ಕತ್ತರಿಗಾಲಿನ ನಿಜವಾದ ಲಾಭ ನನಗೆ ಕಂಡದ್ದು ಇದರಲ್ಲೇ. ಕತ್ತಿಯಲ್ಲಿ ಕಡಿದರೆ ಒಂದು ಬೆಳಗ್ಗೆ ಹಿಡಿಯುತ್ತಿದ್ದ ರಾಶಿ ಈಗ ತಿಂಡಿಗೆ ಕರೆಯುವುದರೊಳಗೆ ಮುಗಿಯುತ್ತದೆ, ಚಕ್ಕೆ ಹಾರಿ ಹಾಳಾಗುವುದೂ ಇಲ್ಲ.

ಯಂತ್ರದ ಗರಗಸವಾದರೆ

ಪೆಟ್ರೋಲಿನದೋ ಕರೆಂಟಿನದೋ ಚೈನ್ ಸಾ ಇದ್ದವರಿಗೂ ಕುದುರೆ ಅದೇ, ನಡೆ ಬೇರೆ. ಕಾಲಿನ ಕುಣಿಕೆ ಇಲ್ಲಿ ಬೇಡವೇ ಬೇಡ. ಕುಂಟೆಯನ್ನು ಹಗ್ಗದಲ್ಲೋ ಲಾರಿಯವರು ಬಳಸುವ ಬೆಲ್ಟಿನಲ್ಲೋ ಕುದುರೆಗೆ ಬಿಗಿದು ಕಟ್ಟಿ, ಎರಡೂ ಕಾಲು ನೆಲದ ಮೇಲಿರಲಿ. ಕುಂಟೆ ಹಿಡಿದುಕೊಳ್ಳಲು ಇನ್ನೊಬ್ಬರನ್ನು ಎದುರು ನಿಲ್ಲಿಸುವ ರೂಢಿ ನಮ್ಮಲ್ಲಿದೆ, ಅದನ್ನು ಇಂದೇ ಬಿಡಿ. ಚೈನು ಸುತ್ತುವ ಉದ್ದ ಪಟ್ಟಿಗೆ ಬಾರು ಎನ್ನುತ್ತಾರೆ, ಆ ಬಾರಿನ ತುದಿಯ ಮೇಲ್ಭಾಗ ಏನಕ್ಕಾದರೂ ತಾಗಿದರೆ ಯಂತ್ರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಖದ ಕಡೆ ಚಿಮ್ಮುತ್ತದೆ. ಕುದುರೆಯ ಮೇಲೆ ಈ ಅಪಾಯ ಹೆಚ್ಚು, ಏಕೆಂದರೆ ಕೊಯ್ಯುವಾಗ ಬಾರಿನ ತುದಿ ಆ ಬದಿಯ ಕೊಂಬಿನ ಹತ್ತಿರವೇ ಇರುತ್ತದೆ. ಆದ್ದರಿಂದ ಗೆರೆಯನ್ನು ಕವೆಯಿಂದ ಐದಾರು ಇಂಚಾದರೂ ಹೊರಗೆ ಇಟ್ಟುಕೊಳ್ಳಿ, ಬಾರಿನ ಬುಡದ ಭಾಗದಿಂದ ಕೊಯ್ಯಿರಿ, ತಲೆ ಬಾರಿನ ನೇರಕ್ಕೆ ಬಾರದಂತೆ ತುಸು ಎಡಕ್ಕೆ ನಿಲ್ಲಿ. ಗೆಲ್ಲುಗಳ ಸಡಿಲ ಹೊರೆಯನ್ನು ಯಂತ್ರದಲ್ಲಿ ಕೊಯ್ಯಬೇಡಿ, ಒಂದೊಂದೇ ಕೋಲು ಹಾರಿ ಬರುತ್ತದೆ.

ಕನ್ನಡಕ, ಕಿವಿಗೆ ಇಯರ್ ಮಫ್, ಗಟ್ಟಿ ಬೂಟು, ಪ್ಯಾಂಟು. ಲುಂಗಿ ಉಟ್ಟು ಚೈನ್ ಸಾ ಹಿಡಿಯುವವರಿಗೆ ನಾನು ಹೇಳುವುದೇನೂ ಇಲ್ಲ.

ಕೊಯ್ದ ಮೇಲೆ

ಸೀಳುವ ಕೆಲಸವನ್ನು ಕುದುರೆಯ ಮೇಲೆ ಮಾಡಬೇಡಿ. ಗರಗಸದ ಎಳೆತ ತಡೆಯಲು ಕಟ್ಟಿದ್ದು ಅದು, ಕೊಡಲಿಯ ಪೆಟ್ಟಿಗಲ್ಲ. ಹಲಸಿನದೋ ಮಾವಿನದೋ ಅಗಲ ಬೊಡ್ಡೆ ನೆಲಕ್ಕಿಟ್ಟು ಅದರ ಮೇಲೆ ಸೀಳಿ. ಹೆಚ್ಚಿನ ಮರ ಹಸಿ ಇರುವಾಗಲೇ ಸಲೀಸಾಗಿ ಸೀಳುತ್ತದೆ, ಸೀಳಿದ ಮರ ಇಡೀ ಕುಂಟೆಗಿಂತ ಬೇಗ ಒಣಗುತ್ತದೆ. ತೊಗಟೆ ನೀರನ್ನು ಹೊರಗೆ ಬಿಡುವುದು ಬಹಳ ನಿಧಾನ. ಹೊಸದಾಗಿ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಅದು ಐದರಲ್ಲಿ ಒಂದು ಪಾಲಿಗೆ ಇಳಿಯುವವರೆಗೆ ಒಲೆಯಲ್ಲಿ ಹೊಗೆ ಹೆಚ್ಚು, ಶಾಖ ಕಡಿಮೆ. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. ಟಣ್ಣೆಂದರೆ ಒಣಗಿದೆ, ದಬ್ಬೆಂದರೆ ಇನ್ನೂ ಹಸಿ.

ಲೆಕ್ಕ ಹಾಕಿದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಕೊಯ್ದು ಸೀಳಿದ್ದು ಮೃಗಶಿರ ಮಳೆಗೆ ಮೊದಲು ಕೊಟ್ಟಿಗೆ ಸೇರಲು ತಯಾರಾಗಿರುತ್ತದೆ. ಕಲ್ಲಿನ ಮೇಲೋ ಅಡಿಕೆ ದಬ್ಬೆಯ ಮೇಲೋ ನೆಲದಿಂದ ಎತ್ತಿ, ಕೊಯ್ದ ಮುಖ ಗಾಳಿ ಬೀಸುವ ಕಡೆಗೆ ಬರುವಂತೆ ಒಟ್ಟಿ. ರೋಹಿಣಿ ಮಳೆಯಲ್ಲಿ ಗಡಿಬಿಡಿಯಿಂದ ಕೊಯ್ದ ಸೌದೆಯನ್ನು ಒಲೆಯ ಮೇಲಿನ ಅಟ್ಟಕ್ಕೇ ಹಾಕಿ ಹೊಗೆಯಲ್ಲಿ ಒಣಗಿಸಿಕೊಳ್ಳಬೇಕಾಗುತ್ತದೆ.

ಕತ್ತರಿಗಾಲನ್ನೂ ಅದೇ ಕೊಟ್ಟಿಗೆಯಲ್ಲಿ, ಕಾಲು ಮೇಲೆ ಮಾಡಿ ಒಟ್ಟಿಲಿನ ಮೇಲಿಡಿ. ದೀಪಾವಳಿ ಕಳೆದು ಹೊರಗೆ ತೆಗೆದಾಗ ಮೊದಲು ಒಂದು ಕೊಂಬು ಹಿಡಿದು ಅಲ್ಲಾಡಿಸಿ ನೋಡಿ. ಮಳೆಗಾಲದ ತಂಡಿಗೆ ಉಬ್ಬಿದ ಮರ ಬಿಸಿಲಿಗೆ ಕುಗ್ಗುವಾಗ ನಟ್ಟು ಸಡಿಲವಾಗುತ್ತದೆ. ಸ್ಪ್ಯಾನರಿನಲ್ಲಿ ಅರ್ಧ ಸುತ್ತು ತಿರುಗಿಸಿ, ಸಡಿಲ ಬಿದ್ದ ಮೊಳೆಯ ಪಕ್ಕ ಇನ್ನೊಂದು ಹೊಡೆಯಿರಿ. ಕೊಂಬು ಬಹಳ ಸವೆದಿದ್ದರೆ ಆ ಒಂದು ಕಾಲನ್ನಷ್ಟೇ ಬದಲಿಸಿದರಾಯಿತು, ಹಳೆಯದು ಹೇಗೂ ಒಲೆಗಾಯಿತು.